ನೆಟ್ಟಗೆ ಮಾಡಿದ ಕೊಳವೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯಾರ ಕಣ್ಣಿಗೂ ಬೀಳದ ತಪ್ಪೊಂದು ಯಾರಿಗೂ ಕೇಡು ಮಾಡದೆ ಹೋಗುವುದಾದರೆ, ಅದನ್ನು ಬಾಯಿಬಿಟ್ಟು ಹೇಳಲೇಬೇಕೆ?”

ಗುರುಗಳು ಕತೆಯೊಂದನ್ನು ಹೇಳತೊಡಗಿದರು.

ದುಂಡಪ್ಪನೆಂಬ ಒಬ್ಬ ಮನುಷ್ಯನಿದ್ದ. ಬಸ್ಸುಗಳ ರಿಪೇರಿ ಮಾಡಿ ನಿವೃತ್ತನಾದವನು. ಅವನ ಮಗಳು ಕಸ್ತೂರಿ ವಿಮಾನ ಹಾರಿಸುವುದನ್ನು ಕಲಿತಿದ್ದಳು; ಹಾರಿಸಲು ವಿಮಾನವಿರಲಿಲ್ಲ. “ನಾನು ಕಟ್ಟಿಕೊಡುತ್ತೇನೆ,” ಎಂದ ಅಪ್ಪ. ನಕ್ಷೆ ತರಿಸಿದ, ಅಲ್ಯೂಮಿನಿಯಂ ಕೊಳವೆಗಳನ್ನು ತರಿಸಿದ, ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸಕ್ಕೆ ಕೂತ. ವರ್ಷಗಳು ಹಿಡಿದವು.

ಅಲ್ಯೂಮಿನಿಯಂ ಹಗುರವಾದ ಲೋಹ. ಆದರೆ ಒಮ್ಮೆ ಬಾಗಿದ್ದನ್ನು ಮತ್ತೆ ನೆಟ್ಟಗೆ ಮಾಡಿದರೆ, ಬಾಗಿದ ಜಾಗ ಒಳಗೊಳಗೇ ಸೋತಿರಬಹುದು. ಎಂದೋ ಒಂದು ದಿನ ಅಲ್ಲೇ ಬಿರುಕು ಬಿಡಬಹುದು. ಅಂಥ ಕೊಳವೆಯನ್ನು ಎಸೆದುಬಿಡಬೇಕು. ಇದು ದುಂಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲಸ ಮುಗಿಯುತ್ತ ಬಂದಾಗ, ರೆಕ್ಕೆಗೆ ಕೆಳಗಿನಿಂದ ಆಸರೆ ಕೊಡುವ ಉದ್ದನೆಯ ಕೊಳವೆಯ ಮೇಲೆ ಏಣಿ ಉರುಳಿತು. ಕೊಳವೆ ನಡುವೆ ಬಾಗಿತು. ಅಂಥದು ಊರಿನಲ್ಲಿ ಸಿಗುವಂತಿರಲಿಲ್ಲ. ಇನ್ನೊಂದು ತರಿಸುವಷ್ಟರಲ್ಲಿ, ಹಾರಲೆಂದೇ ಊರಿಗೆ ಬಂದಿದ್ದ ಮಗಳ ರಜೆ ಮುಗಿದುಹೋಗುತ್ತಿತ್ತು. ದುಂಡಪ್ಪ ಶೆಡ್ಡಿನ ಬಾಗಿಲು ಮುಚ್ಚಿದ. ಕೊಳವೆಯನ್ನು ಮೆಲ್ಲಗೆ ಒತ್ತಿ ಒತ್ತಿ ನೆಟ್ಟಗೆ ಮಾಡಿದ. ಬಣ್ಣ ಬಳಿದು, ಬೋಲ್ಟು ಹಾಕಿ ಬಿಗಿದ. ನೋಡಲು ಬಂದ ತಿಳಿದವರೂ ತಲೆದೂಗಿದರು.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ದಿನವೂ ಹೋಗಿ ಆ ಜಾಗವನ್ನು ಬೆರಳಿನಿಂದ ಸವರುವನು. ಏನೂ ತಾಕದು. ಏನೂ ಇಲ್ಲವೆಂದುಕೊಂಡು ಹೊರಬರುವನು. ಅಂಗಳ ದಾಟುವಷ್ಟರಲ್ಲಿ ಅನುಮಾನ ಕಾಡುವುದು. ಮತ್ತೆ ಒಳಗೆ ಹೋಗುವನು. “ಯಾಕ್ರೀ, ಹುಷಾರಿಲ್ಲವೇ?” ಎಂದು ಹೆಂಡತಿ ಕೇಳಿದರೆ, “ಸೆಕೆ,” ಎನ್ನುವನು. ಹೇಳಿಬಿಡೋಣವೆಂದು ಮಗಳ ಬಳಿ ಹೋದರೆ, ಅವಳು ಫೋನಿನಲ್ಲಿ ಯಾರನ್ನೋ ಹಾರಾಟ ನೋಡಲು ಕರೆಯುತ್ತಿರುವಳು. ಸುಮ್ಮನೆ ಹಿಂದಿರುಗುವನು.

ಹಾರುವ ದಿನ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಜನ ಸೇರಿದರು. ಕಸ್ತೂರಿ ಅಪ್ಪನ ಕಾಲಿಗೆ ನಮಸ್ಕರಿಸಿ, ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಳು. ಎಂಜಿನ್ ಶುರುವಾಯಿತು. ಕೊಳವೆಗಳೆಲ್ಲ ನಡುಗಿದವು. ದುಂಡಪ್ಪನ ಕಣ್ಣಿಗೆ ಕಂಡದ್ದು ಆ ಒಂದು ಕೊಳವೆ ಮಾತ್ರ. ವಿಮಾನ ಇನ್ನೇನು ಮುಂದೆ ಸರಿಯಬೇಕು, ಅವನು ಓಡಿಹೋಗಿ ರೆಕ್ಕೆಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕಸ್ತೂರಿ ಗಾಬರಿಯಾಗಿ ಎಂಜಿನ್ ನಿಲ್ಲಿಸಿದಳು.

“ಹೋಗಬೇಡ ತಾಯಿ,” ಎಂದ ಅವನು. “ಈ ಕೊಳವೆ ಬಾಗಿತ್ತು. ನಾನೇ ನೆಟ್ಟಗೆ ಮಾಡಿದೆ. ನಿನಗೆ ಹೇಳಲಿಲ್ಲ.”

ಅವಳ ಮುಖ ಬಿಳಿಚಿಕೊಂಡಿತು. ಎಷ್ಟೋ ಹೊತ್ತು ಅಪ್ಪನ ಕಡೆ ನೋಡಲಿಲ್ಲ. ಆಮೇಲೆ ಬೆಲ್ಟು ಬಿಚ್ಚಿ ಇಳಿದು ಬಂದು, “ಎಲ್ಲಿ ಅಪ್ಪಾ, ತೋರಿಸು,” ಎಂದಳು.

ಜನ ಗೊಣಗುತ್ತ ಚದುರಿದರು. ಮುದುಕನಿಗೆ ಪುಕ್ಕಲು ಎಂದು ಕೆಲವರು ನಕ್ಕರು. ಅಪ್ಪ ಮಗಳು ಕೊಳವೆಯನ್ನು ಬಿಚ್ಚಿ ಶೆಡ್ಡಿನ ತೊಲೆಗೆ ನೇತುಹಾಕಿದರು. ಕೆಳಗೆ ಮರಳಿನ ಚೀಲಗಳನ್ನು ಕಟ್ಟುತ್ತ ಹೋದರು. ಹಾರಾಟದಲ್ಲಿ ಅದರ ಮೇಲೆ ಬೀಳುವುದಕ್ಕಿಂತ ಹೆಚ್ಚು ಭಾರ ಹಾಕಿದರೂ ಅದು ಜಗ್ಗಲಿಲ್ಲ. ಬಾಗಿದ್ದ ಜಾಗದಲ್ಲಿ ಕೊಯ್ದು, ಭೂತಗನ್ನಡಿ ಹಿಡಿದು ನೋಡಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ವಿಮಾನ ಹೊಸ ಕೊಳವೆಗೆ ಕಾಯುತ್ತ ಶೆಡ್ಡಿನಲ್ಲೇ ನಿಂತಿತು. ಕಸ್ತೂರಿ ಹಾರದೆಯೇ ಕೆಲಸಕ್ಕೆ ಮರಳಿದಳು. ಅವಳನ್ನು ಬಸ್ಸು ಹತ್ತಿಸುವಾಗ ದುಂಡಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. “ಹಾಗಾದರೆ ಅವನು ಹೇಳದಿದ್ದರೂ ನಡೆಯುತ್ತಿತ್ತು, ಗುರುಗಳೇ. ಕೊಳವೆ ಗಟ್ಟಿಯಿತ್ತಲ್ಲ!”

“ಗಟ್ಟಿಯಿತ್ತೆಂದು ತಿಳಿದದ್ದು, ಅವನು ಹೇಳಿದ ಮೇಲೆ,” ಎಂದರು ಗುರುಗಳು.