ನೀಲವ್ವನ ಎಡೆಗೆ ಒಂದು ರೊಟ್ಟಿ

ಹಳ್ಳದ ದಂಡೆಗೆ ಒಂದು ಮಠ. ಅಲ್ಲಿ ಗದಿಗೆಪ್ಪ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದ.

ಹೆಂಡತಿ ನೀಲವ್ವ ಇರುವಷ್ಟು ದಿನ ಅವಳೇ ಬಡಿದು ಹಾಕಿದ್ದಳು. ಅವಳು ತೀರಿಹೋಗಿ ವರ್ಷವಾಗಿತ್ತು. ನಾಳೆ ಅವಳ ಎಡೆ. ಆ ಎಡೆಗೆ ತನ್ನ ಕೈಯಾರೆ ಬಡಿದ ಒಂದು ರೊಟ್ಟಿ ಇಡಬೇಕು. ಅವನಿಗೆ ಅದೊಂದೇ ಆಸೆ.

ರೊಟ್ಟಿ ಹಾಕುವಾಗ ಬಲಗೈ ಬೆರಳು ಹಂಚಿಗೆ ತಗುಲಿ ಚುರ್ ಅಂದವು.

ಗದಿಗೆಪ್ಪ ಯಾರಿಗೂ ಹೇಳಲಿಲ್ಲ. ಮಠದ ಗುರುಗಳ ವಿಭೂತಿ ಗಟ್ಟಿ ಪುಡಿ ಮಾಡಿ ಬೆರಳಿಗೆಲ್ಲ ಮೆತ್ತಿಕೊಂಡ.

ಗುರುಗಳು ನೋಡಿಬಿಟ್ಟರು.

“ಏನೋ ಗದಿಗೆಪ್ಪ, ಕೈಗೆ ಸುಣ್ಣ ಬಳದೀಯಲ್ಲ, ಯಾರ ಮದುವಿ?”

“ಸುಟ್ಟೈತ್ರಿ ಅಪ್ಪಾರ. ನಿಮ್ಮ ವಿಭೂತಿ ಹಚ್ಚೀನಿ. ನಾಳಿಗೆ ಮಾಯತೈತಿ.”

ಗುರುಗಳು ಅವನ ಮೊಣಕೈ ಹಿಡಿದು ನಲ್ಲಿಯ ಕೆಳಗೆ ಒಯ್ದರು. ತಣ್ಣೀರು ಬಿಟ್ಟರು.

“ಅಯ್ಯಯ್ಯ! ನಿಮ್ಮ ವಿಭೂತಿರಿ!”

“ನಂದ ಐತಲ್ಲ? ನಾನ ತೊಳೀತೀನಿ. ಅದು ಹಣಿಗೆ. ಸುಟ್ಟಿದ್ದಕ್ಕ ನೀರು.”

ನೀರು ಸುರಿಯುತ್ತಲೇ ಇತ್ತು. ನಿಂತು ನಿಂತು ಗದಿಗೆಪ್ಪನ ಕಾಲು ಜೋಮು ಹಿಡಿಯಿತು.

“ಸಾಕಲ್ರಿ?”

“ನನ್ನ ಕೇಳಬ್ಯಾಡ. ಉರೀನ ಕೇಳು.”

“ಇನ್ನೂ ಐತಿ ಅಂತೈತ್ರಿ.”

“ಹಂಗಾದ್ರ ನಿಂದರು.”

ಕಡೆಗೆ ಉರಿ ಇಳಿಯಿತು. ಬೆರಳ ಮೇಲೆ ಗುಳ್ಳೆ ಎದ್ದಿತ್ತು. ಅದನ್ನು ಚಿವುಟಲು ಎಡಗೈ ತಂದ. ಗುರುಗಳು ಆ ಎಡಗೈಗೆ ಪಟ್ಟನೆ ಒಂದು ಕೊಟ್ಟರು.

“ಒಡೀಬ್ಯಾಡ. ಒಳಗ ಹೊಸ ಚರ್ಮ ಬರಾಕತ್ತೈತಿ. ಬಾಗಲಾ ತಗದು ಇಣಕಬ್ಯಾಡ.”

ಒಗೆದ ಬಿಳಿ ಬಟ್ಟೆಯನ್ನು ಸಡಿಲಾಗಿ ಸುತ್ತಿದರು.

“ನಾಳಿಗೆ ಮಾಯತೈತೇನ್ರಿ?”

“ಇಲ್ಲ.”

“ಮತ್ತ ಆಕಿ ರೊಟ್ಟಿ?” ಗದಿಗೆಪ್ಪ ಬಟ್ಟೆ ಸುತ್ತಿದ ಕೈ ನೋಡಿಕೊಂಡ.

“ಎಡಗೈ ಎಲ್ಲಿ ಹೋಗೈತಿ? ಬೀಗರ ಮನಿಗೇನು?”

ಮರುದಿನ ಬೆಳಿಗ್ಗೆ ಗದಿಗೆಪ್ಪ ಎಡಗೈಯಲ್ಲಿ ಬಡಿದ. ಕೈ ಒಂದು ಕಡೆ ಹೋದರೆ ಹಿಟ್ಟು ಇನ್ನೊಂದು ಕಡೆ ಹೋಯಿತು. ಅಡುಗೆಯ ಮುರಿಗೆವ್ವ ಅದನ್ನು ಎತ್ತಿ ಹಂಚಿಗೆ ಹಾಕಿ ಬೇಯಿಸಿದಳು.

“ಯಣ್ಣಾ, ಇದು ರೊಟ್ಟಿಯೋ ಕತ್ತೆ ಕಿವಿಯೋ?”

ಅಡುಗೆಮನೆ ಪೂರಾ ನಕ್ಕಿತು. ಗುರುಗಳು ಹೊಟ್ಟೆ ಹಿಡಿದುಕೊಂಡರು. ಗದಿಗೆಪ್ಪನೂ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

“ಇದನ್ನ ಎಡಿಗೆ ಹೆಂಗ ಇಡಲಿರಿ ಅಪ್ಪಾರ? ನೀಲವ್ವ ನೋಡಿದ್ರ ಬಿದ್ದು ಬಿದ್ದು ನಗತಾಳ.”

ಗುರುಗಳು ರೊಟ್ಟಿಯ ಹಿಟ್ಟು ಝಾಡಿಸಿ ಅವನ ಎಡಗೈಯಲ್ಲಿಟ್ಟರು.

“ನಗತಾಳ ಹೌದಿಲ್ಲೋ? ಹಂಗಾದ್ರ ಇದನ್ನ ಇಡು.”