ಸುತ್ತು ಮುಗಿಸದ ಕುಟ್ರು ಹಕ್ಕಿ

ಅದು ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ಹೊಳೆಗಳು ದಾರಿ ಹುಡುಕುತ್ತಿದ್ದವು. ಎಲ್ಲಿ ನಿಲ್ಲಬೇಕೆಂದು ಗಾಳಿಗೆ ಗೊತ್ತಿರಲಿಲ್ಲ. ಹಕ್ಕಿಗಳಿಗೆ ದನಿ ಹಂಚಿ ಆಗಿತ್ತು, ಒಂದು ಹಕ್ಕಿಯನ್ನು ಬಿಟ್ಟು.

ಅದು ಕುಟ್ರು ಹಕ್ಕಿ. ಗುಬ್ಬಿಗಿಂತ ತುಸು ದಪ್ಪ, ಮೈಯೆಲ್ಲ ಎಲೆಯಂಥ ಹಸಿರು. ದನಿ ಹಂಚುವ ದಿನ ಅದು ಒಣಕೊಂಬೆಯೊಂದನ್ನು ಕೊರೆದು ಗೂಡು ಮಾಡುತ್ತಿತ್ತು. ಇನ್ನು ಸ್ವಲ್ಪ, ಇದೊಂದು ಚೂರು ಎಂದು ಕೊರೆಯುತ್ತಲೇ ಇತ್ತು. ಕೊನೆಗೆ ತಲೆ ಹೊರಗೆ ಹಾಕಿ ನೋಡಿದರೆ, ಕೋಗಿಲೆ ಆಗಲೇ ಹಾಡುತ್ತಿತ್ತು, ಕಾಗೆ ಆಗಲೇ ಜಗಳ ಶುರು ಮಾಡಿತ್ತು. ಹಂಚುವುದಕ್ಕೆ ಏನೂ ಉಳಿದಿರಲಿಲ್ಲ.

ದನಿ ಇಲ್ಲದ ಹಕ್ಕಿ ಏನು ಮಾಡೀತು? ಗೂಡಿನ ಬಾಯಲ್ಲಿ ಕೂತು ಕೇಳಿಸಿಕೊಂಡಿತು. ಎಲ್ಲವನ್ನೂ ಕೇಳಿಸಿಕೊಂಡಿತು.

ಆಗ ಮನುಷ್ಯರು ಮೊದಲ ಪಟ್ಟಣ ಕಟ್ಟಿದರು.

ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ತಾಗಿಸಿ ಕಟ್ಟಿದರು. ತೊಲೆಗೆಂದು ಕೆಲವು ಮರ ಕಡಿದರು. ಗಾಡಿಗೆಂದು ಕೆಲವು ಕಡಿದರು. ಒಲೆಗೆಂದು ಉಳಿದವನ್ನೂ ಕಡಿದರು. ಕೊನೆಗೆ ಇಡೀ ಪಟ್ಟಣದಲ್ಲಿ ಉಳಿದದ್ದು ಕಂಚುಗಾರರ ಬೀದಿಯ ಅತ್ತಿಮರ ಒಂದೇ.

ಬೇರೆ ಮರಗಳ ಮೇಲೆ ಇದ್ದವರೆಲ್ಲ ಅಲ್ಲಿಗೇ ಬಂದರು. ಅಳಿಲು ಬಂತು. ಗಿಳಿ ಬಂತು. ಗೂಬೆ ಬಂದು ಪೊಟರೆಯೊಂದರಲ್ಲಿ ಕಣ್ಣು ಮುಚ್ಚಿತು. ಇರುವೆಗಳು ತೊಗಟೆಯ ಮೇಲೆ ಬೀದಿ ಮಾಡಿಕೊಂಡವು. ಒಂದು ಕಾಡು ಪೂರ್ತಿ ಒಂದು ಮರದೊಳಗೆ ಒತ್ತಿಕೊಂಡು ಕೂತಂತೆ ಇತ್ತು.

ಕುಟ್ರು ಹಕ್ಕಿಯ ಗೂಡು ಇದ್ದದ್ದೂ ಆ ಮರದಲ್ಲೇ. ಅದಕ್ಕೆ ಕೆಳಗಿನ ಬೀದಿ ನೋಡುವುದೆಂದರೆ ಎಲ್ಲಿಲ್ಲದ ಕುತೂಹಲ. ತಾಮ್ರದ ತಗಡು ಬೆಂಕಿಗೆ ಹೋಗಿ ಕೆಂಪಾಗಿ ಬರುತ್ತಿತ್ತು. ಆಮೇಲೆ ಸುತ್ತಿಗೆಯ ಸದ್ದು. ಟಂಕ್, ಟಂಕ್, ಟಂಕ್. ತಗಡು ತಟ್ಟೆಯಾಗುತ್ತಿತ್ತು, ತಟ್ಟೆ ಬಟ್ಟಲಾಗುತ್ತಿತ್ತು, ಬಟ್ಟಲಿಗೆ ಹೊಟ್ಟೆ ಬಂದು ಬಿಂದಿಗೆಯಾಗುತ್ತಿತ್ತು. ಅದು ಹೇಗಾಗುತ್ತದೆ? ಹಕ್ಕಿ ಕತ್ತು ವಾರೆ ಮಾಡಿ ನೋಡುತ್ತಿತ್ತು.

ಆ ಬೀದಿಯಲ್ಲಿ ಒಂದು ಕಟ್ಟಳೆ ಇತ್ತು. ಬಿಂದಿಗೆಯ ಹೊಟ್ಟೆ ಬಡಿಯುವಾಗ ಪೆಟ್ಟುಗಳು ಒಂದರ ಪಕ್ಕ ಒಂದು ಬೀಳುತ್ತ, ಶುರುವಾದ ಜಾಗಕ್ಕೇ ಬಂದು ಸೇರಬೇಕು. ಅದು ಒಂದು ಸುತ್ತು. ನಡುವೆ ಕೈ ತಪ್ಪಿದರೆ ಬಿಂದಿಗೆ ಸೊಟ್ಟಗಾಗುತ್ತದೆ. ಆದ್ದರಿಂದ ಸುತ್ತು ನಡೆಯುವಾಗ ಬಡಿಯುವವನನ್ನು ಯಾರೂ ಕರೆಯಬಾರದು, ಅವನು ಕೂತ ಜಾಗವನ್ನು ಯಾರೂ ಅಲುಗಿಸಬಾರದು. ನೆಂಟರು ಬಂದರೂ ಹೊಸ್ತಿಲಲ್ಲಿ ಕಾಯಬೇಕು. ಊಟ ಆರಿದರೆ ಆರಲಿ. ತಾಮ್ರವನ್ನು ಮತ್ತೆ ಕಾಯಿಸುವುದಕ್ಕೆಂದು ಅವನು ನಡುವೆ ಸ್ವಲ್ಪ ನಿಲ್ಲಿಸಿದರೂ ಸುತ್ತು ಮುಗಿದಂತಲ್ಲ. ಹೊತ್ತು ಮುಳುಗಿದ ಮೇಲೆ ಸುತ್ತಿಗೆ ಇಟ್ಟು ಮಲಗಿದರೂ ಮುಗಿದಂತಲ್ಲ, ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ.

ಇದನ್ನೂ ಹಕ್ಕಿ ಗೂಡಿನ ಬಾಯಲ್ಲಿ ಕೂತು ನೋಡಿತ್ತು.

ಒಂದು ಬೇಸಿಗೆಯಲ್ಲಿ ಬೀದಿಯ ಇದ್ದಿಲು ಮುಗಿಯುತ್ತ ಬಂತು. ಕಾಡು ದೂರ ಸರಿದುಹೋಗಿತ್ತು. ಕುಲುಮೆಯ ಬೆಂಕಿ ಗೊಣಗಿತು, "ಹಸಿವು. ನನಗೆ ಹಸಿವು. ಬೂದಿ ತಿಂದುಕೊಂಡು ಎಷ್ಟು ದಿನ ಇರಲಿ?"

ಬೀದಿಯ ಯಜಮಾನ ಮೌನಾಚಾರಿ. ಹೆಸರು ಹಾಗಿದ್ದರೂ ಅವನು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಅಂಗಳಕ್ಕೆ ಬಂದು ಕೂಗಿದ, "ನಾಳೆ ಅತ್ತಿಮರ ಕಡಿಯೋಣ ಕಣ್ರಪ್ಪಾ! ಮಳೆಗಾಲದ ತನಕ ಇದ್ದಿಲಿಗೆ ಯೋಚನೆ ಇಲ್ಲ!"

ಗಾಳಿ ಅದನ್ನು ಹೊತ್ತುಕೊಂಡು ಮರದೊಳಗೆ ನುಗ್ಗಿತು. "ಕೇಳಿದ್ರಾ? ಕೇಳಿದ್ರಾ? ನಾಳೆ ಕಡೀತಾರಂತೆ!"

ಗಿಳಿಗಳು ಕಿರುಚಿದವು. ಅಳಿಲು ಕೊಂಬೆಯಿಂದ ಕೊಂಬೆಗೆ ಓಡಿ, ಕುಟ್ರು ಹಕ್ಕಿಯ ಮುಂದೆ ನಿಂತಿತು. "ಕುಟ್ರಣ್ಣಾ, ನಾನು ಚಾವಣಿ ಮೇಲಾದರೂ ಇದ್ದೇನು. ನಿನ್ನ ಗತಿ?"

ಹಕ್ಕಿ ಗೂಡಿನೊಳಗೆ ನೋಡಿತು. ಅಲ್ಲಿ ಅದರ ಹೆಂಡತಿ ಇತ್ತು. ಹೆಂಡತಿಯ ಹೊಟ್ಟೆಯ ಕೆಳಗೆ ಇನ್ನೂ ಪುಕ್ಕ ಮೂಡದ, ಕಣ್ಣು ಬಿಡದ ಮರಿಗಳಿದ್ದವು. ಅವುಗಳನ್ನು ಎತ್ತಿಕೊಂಡು ಹಾರುವುದು ಹೇಗೆ? ಹಾರಿದರೂ ಎಲ್ಲಿಗೆ?

ಬೆಳಿಗ್ಗೆ ಮೌನಾಚಾರಿ ಕೊಡಲಿ ತಂದ. ಜೊತೆಗೆ ಈರಾಚಾರಿ ಬಂದ. ಹರೆಯದವನು, ತೋಳಿನಲ್ಲಿ ಬಲ, ಬಾಯಲ್ಲಿ ಅದಕ್ಕಿಂತ ಹೆಚ್ಚು. ಅವನು ಕೊಡಲಿ ಎತ್ತಿದ.

ಕುಟ್ರು ಹಕ್ಕಿ ಕೊಕ್ಕು ಬಿಗಿದು ಹಿಡಿಯಿತು. ಗಂಟಲು ಉಬ್ಬಿತು. ಇಷ್ಟು ದಿನ ಕೇಳಿಸಿಕೊಂಡದ್ದೆಲ್ಲ ಎದೆಯೊಳಗಿನಿಂದ ಎದ್ದು ಬಂತು.

ಟಂಕ್. ಟಂಕ್. ಟಂಕ್.

ಕೊಡಲಿ ಮೇಲೆಯೇ ನಿಂತಿತು.

"ಯಾರೋ ಅದು, ಮರದೊಳಗೆ ಅಂಗಡಿ ಇಟ್ಟವನು?" ಎಂದ ಮೌನಾಚಾರಿ.

ಇಬ್ಬರೂ ಕತ್ತೆತ್ತಿ ನೋಡಿದರು. ಎಲೆ ಕಂಡಿತು. ಇನ್ನಷ್ಟು ಎಲೆ ಕಂಡಿತು. ಸದ್ದು ಎಡಗಡೆಯಿಂದ ಬಂದಂತಾಯಿತು, ಮರುಕ್ಷಣ ಬಲಗಡೆಯಿಂದ. ಕೊನೆಗೆ ಈರಾಚಾರಿ ಕೈ ತೋರಿಸಿ ನಕ್ಕ. "ಥೂ, ಹಕ್ಕಿ ಕಣ್ರೀ! ಮುಷ್ಟಿಯಷ್ಟಿಲ್ಲ. ಅದೇನು ಬಿಂದಿಗೆ ಮಾಡುತ್ತಾ? ತಾಮ್ರ ಎಲ್ಲಿ? ಸುತ್ತಿಗೆ ಎಲ್ಲಿ?"

ಮತ್ತೆ ಕೊಡಲಿ ಎತ್ತಿದ.

"ಏ ಈರ! ಕೆಳಗಿಡು."

ಹೊಸ್ತಿಲ ಮೇಲೆ ಕೂತಿದ್ದ ಮುದುಕಿ ಕಾಳವ್ವ ಹೇಳಿದ್ದು. ಅವಳು ಮೌನಾಚಾರಿಯ ತಾಯಿ. ಬೀದಿಯ ಎಲ್ಲ ಮಕ್ಕಳೂ ಅವಳಿಂದ ಬೈಸಿಕೊಂಡೇ ಬೆಳೆದವರು.

"ಸುತ್ತು ನಡೀತಿದೆ, ಕಿವಿ ಇಲ್ಲವೇನೋ ನಿನಗೆ?"

"ಅಜ್ಜೀ, ಅದು ಹಕ್ಕಿ."

"ನಾನು ಕುರುಡಿ ಅಲ್ಲ. ಈ ನನ್ನ ಮಗನ ಅಪ್ಪ ಒಳಗೆ ಬಡೀತಿದ್ದಾಗ ನಾನು ಇದೇ ಹೊಸ್ತಿಲಲ್ಲಿ ಕೂತು ಕಾಯ್ತಿದ್ದೆ. ಪಾತ್ರೆ ನೋಡಿಕೊಂಡು ಕಾಯ್ತಿರಲಿಲ್ಲ. ಸದ್ದು ಕೇಳಿಕೊಂಡು ಕಾಯ್ತಿದ್ದೆ. ಕಟ್ಟಳೆ ಇರೋದು ಸದ್ದಿಗೆ. ಬಡಿಯೋನಿಗೆ ರೆಕ್ಕೆ ಇರಬಾರದು ಅಂತ ಯಾರಾದರೂ ಹೇಳಿದ್ರಾ?"

ಮೌನಾಚಾರಿ ಕಣ್ಣು ಮುಚ್ಚಿ ಕೇಳಿದ. ಟಂಕ್, ಟಂಕ್, ಟಂಕ್. ಒಂದು ಪೆಟ್ಟು ಮುಂದಿಲ್ಲ, ಒಂದು ಪೆಟ್ಟು ಹಿಂದಿಲ್ಲ.

"ನಿನ್ನ ಪೆಟ್ಟಿಗಿಂತ ಸಮನಾಗಿದೆಯಲ್ಲೋ ಈರ," ಎಂದ. ಬೀದಿಯೆಲ್ಲ ನಕ್ಕಿತು. ಈರಾಚಾರಿಯ ಕಿವಿ ಕೆಂಪಾಯಿತು. ಅವನು ಕೊಡಲಿಯನ್ನು ಬುಡಕ್ಕೆ ಒರಗಿಸಿ, "ಸರಿ, ಮುಗಿಸಲಿ. ಎಷ್ಟು ಹೊತ್ತು ಮಾಡುತ್ತೋ ನೋಡೇ ಬಿಡ್ತೀನಿ" ಎಂದು ಅಲ್ಲೇ ಕೂತ.

ಬಿಸಿಲು ಏರಿತು. ಕಾಗೆಗಳು ಸುಮ್ಮನಾದವು. ಗಿಳಿಗಳು ನೆರಳು ಹುಡುಕಿದವು. ಕುಟ್ರು ಹಕ್ಕಿ ಸುಮ್ಮನಾಗಲಿಲ್ಲ. ಕೊಡಲಿ ಯಾವ ಕಡೆಯಿಂದ ಬರುತ್ತದೋ ಎಂದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ತಿರುಗಿಸಿ ನೋಡುತ್ತ, ಟಂಕ್ ಟಂಕ್ ಎನ್ನುತ್ತಲೇ ಇತ್ತು. ಹೆಂಡತಿ ಅತ್ತಿಹಣ್ಣು ತಂದು ಮರಿಗಳಿಗೆ ತಿನ್ನಿಸಿತು. ಸಂಜೆ ಹಕ್ಕಿ ಮಲಗಿತು. ಬೀದಿಯೂ ಮಲಗಿತು. ಬೆಳಗಾದೊಡನೆ ಮತ್ತೆ ಟಂಕ್.

ಆದರೆ ಕುಲುಮೆಗೆ ಈ ಕಟ್ಟಳೆ ಗೊತ್ತಿಲ್ಲವಲ್ಲ. "ಹಸಿವು!" ಎಂದಿತು ಬೆಂಕಿ. "ಇವತ್ತು ಆರಿಹೋಗ್ತೀನಿ ನೋಡಿ!"

"ಅವ್ವಾ, ಬೆಂಕಿ ಆರಿದರೆ ಬೀದಿಯೇ ಆರಿದ ಹಾಗೆ," ಎಂದ ಮೌನಾಚಾರಿ. ಈ ಸಲ ಅವನ ದನಿ ಸಣ್ಣದಾಗಿತ್ತು.

"ಊರೆಲ್ಲ ದಿನಾ ಹೊರಗಿಂದ ಬರೋ ತೆಂಗಿನಕಾಯಿ ಒಡೆದು ಕರಟ ಬಿಸಾಡುತ್ತೆ. ಅದನ್ನ ಸುಟ್ಟರೆ ಇದ್ದಿಲಾಗಲ್ವಾ? ಮನೆಮನೆಗೆ ಹೋಗಿ ಹೊತ್ತು ತರಬೇಕು, ಅಷ್ಟೇ. ಮರ ಬಾಗಿಲಲ್ಲೇ ಇತ್ತು, ನಿಮಗೆ ಮೈ ಬಗ್ಗಲಿಲ್ಲ."

ಗೋಣಿ ಹಿಡಿದು ಕಂಚುಗಾರರು ಊರೊಳಗೆ ಹೊರಟರು. "ಕರಟ ಇದ್ದರೆ ಕೊಡಿ ತಾಯೀ" ಎಂದು ಬಾಗಿಲು ಬಾಗಿಲಲ್ಲಿ ಕೇಳಿದರು. ಬಿಂದಿಗೆ ಮಾರುವವರು ಕರಟ ಕೇಳುತ್ತಾರೆಂದು ಜನ ಆಡಿಕೊಂಡರು. ತಂದದ್ದನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡಿ ಕುಲುಮೆಗೆ ಹಾಕಿದಾಗ, ಬೆಂಕಿ ಮೊದಲು ಕೆಮ್ಮಿತು. ಆಮೇಲೆ ನೀಲಿಯಾಗಿ ನಾಲಗೆ ಚಾಚಿತು. "ಅಡ್ಡಿಯಿಲ್ಲ. ಗಟ್ಟಿ ಊಟ."

ಕುಲುಮೆ ಉಳಿಯಿತು. ಕೊಡಲಿ ಮಾತ್ರ ಇನ್ನೂ ಮರದ ಬುಡದಲ್ಲೇ ಒರಗಿತ್ತು. ಕರಟ ಹೊತ್ತು ಹೆಗಲು ನೋಯಿಸಿಕೊಂಡ ಈರಾಚಾರಿ ದಿನಾ ಅದರ ಪಕ್ಕ ಬಂದು ಕೂರುತ್ತಿದ್ದ.

ಮರಿಗಳಿಗೆ ಪುಕ್ಕ ಬಂತು. ಒಂದು ಬೆಳಿಗ್ಗೆ ಅವು ಗೂಡಿನಿಂದ ಹೊರಗೆ ಬಂದು, ತಡವರಿಸಿ, ರೆಕ್ಕೆ ಬಿಚ್ಚಿ ಹಾರಿದವು. ಹೆಂಡತಿ ಗಂಡನ ಪಕ್ಕ ಬಂದು ಕೂತಿತು.

ಹಕ್ಕಿ ಸುಮ್ಮನಾಯಿತು.

ಬೀದಿಯಲ್ಲಿ ಎಲ್ಲರೂ ಕತ್ತೆತ್ತಿದರು. ಈರಾಚಾರಿ ಎದ್ದು ಕೊಡಲಿಗೆ ಕೈ ಹಾಕಿದ.

"ತಡಿಯೋ, ಕಾಯಿಸೋಕೆ ನಿಲ್ಲಿಸಿರಬಹುದು," ಎಂದಳು ಕಾಳವ್ವ. ಅವಳ ಮಾತಿನಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಗಾಳಿ ಹಕ್ಕಿಯ ಕಿವಿಯಲ್ಲಿ ಹೇಳಿತು, "ನಿನ್ನ ಮರಿ ಹಾರಿದವು. ಗಂಟಲು ಹುಣ್ಣಾಗಿದೆ. ಹೋಗು, ನಾನು ತಳ್ಳಿಕೊಡ್ತೀನಿ."

ಹಕ್ಕಿ ಕತ್ತು ವಾರೆ ಮಾಡಿ ನೋಡಿತು. ಕೆಳಗಿನ ಕೊಂಬೆಯಲ್ಲಿ ಅಳಿಲು ನಾರಿನ ಗೂಡು ಹೆಣೆದಿತ್ತು, ಅದರೊಳಗೆ ಏನೋ ಮಿಸುಕುತ್ತಿತ್ತು. ಗಿಳಿಯ ಪೊಟರೆಯಲ್ಲಿ ಮೊಟ್ಟೆ ಇತ್ತು. ಗೂಬೆ ಒಂದು ಕಣ್ಣು ತೆರೆದು ಕುಟ್ರು ಹಕ್ಕಿಯನ್ನೇ ನೋಡುತ್ತಿತ್ತು. ಇರುವೆಗಳು ಏನೂ ಗೊತ್ತಿಲ್ಲದೆ ತಮ್ಮ ಬೀದಿಯಲ್ಲಿ ಮೊಟ್ಟೆ ಹೊತ್ತು ನಡೆದಿದ್ದವು. ಇವರೆಲ್ಲರ ಮನೆ ಒಂದೇ ಬುಡದ ಮೇಲೆ ನಿಂತಿತ್ತು. ಬುಡದ ಹತ್ತಿರ ಕೊಡಲಿ ಎದ್ದಿತ್ತು.

ಗಂಟಲು ಉಬ್ಬಿತು.

ಟಂಕ್.

ಹೆಂಡತಿ ಪಕ್ಕದ ಕೊಂಬೆಗೆ ಹಾರಿ, ತಾನೂ ಗಂಟಲು ಉಬ್ಬಿಸಿತು. ಟಂಕ್. ಆಚೆಯ ಟೊಂಗೆಯಿಂದ ಮರಿಯೊಂದು ತೊದಲಿತು. ಟಕ್.

ಈರಾಚಾರಿ ಕೊಡಲಿ ಕೆಳಗಿಳಿಸಿದ. ಆಮೇಲೆ ಕೊಡಲಿಯ ಕಾವು ಬಿಚ್ಚಿ, ಅದನ್ನು ತನ್ನ ಸುತ್ತಿಗೆಗೆ ಹಿಡಿಯಾಗಿ ಹಾಕಿಕೊಂಡ. "ಇದು ಮುಗಿಸೋ ಜಾತಿ ಅಲ್ಲ ಅಜ್ಜೀ," ಎಂದ.

"ಈಗ ಗೊತ್ತಾಯ್ತಾ?" ಎಂದಳು ಕಾಳವ್ವ.

ಆ ಬೀದಿಯಲ್ಲಿ ಹೊಸಬರು ಕೆಲಸಕ್ಕೆ ಸೇರಿದರೆ ಅವರ ಹಣೆಗೆ ಕುಂಕುಮ, ಕೊರಳಿಗೆ ಅರಿಸಿನ ಹಚ್ಚುವ ಪದ್ಧತಿ. ಕಾಳವ್ವ ಬಟ್ಟಲು ಹಿಡಿದು ಏಣಿ ಹತ್ತಿದಳು. ಕೆಳಗೆ ಮೌನಾಚಾರಿ "ಅವ್ವಾ, ಬೀಳ್ತೀಯಾ!" ಎಂದು ಕೂಗುತ್ತಲೇ ಇದ್ದ. ಅವಳು ಹಕ್ಕಿಯ ಹಣೆಗೆ ಕುಂಕುಮ ಇಟ್ಟಳು. ಕಣ್ಣಿನ ಸುತ್ತ, ಕೊರಳಿಗೆ ಅರಿಸಿನ ಹಚ್ಚಿದಳು. ಮುದುಕಿಯ ಕೈ ನಡುಗಿ ಒಂದಿಷ್ಟು ಕುಂಕುಮ ಎದೆಯ ಮೇಲೂ ಚೆಲ್ಲಿತು. ಹೆಂಡತಿಗೂ ಹಾಗೇ ಆಯಿತು. ಮರಿಗಳು ಏಣಿ ಕಂಡು ಹೆದರಿ ಹಾರಿಹೋಗಿದ್ದವು. ಅದಕ್ಕೇ ಇವತ್ತಿಗೂ ಕುಟ್ರು ಮರಿಗಳಿಗೆ ದೊಡ್ಡವಾಗುವ ತನಕ ಕುಂಕುಮ ಇಲ್ಲ.

ಆ ಮರಿಗಳು ಅತ್ತಿಹಣ್ಣು ತಿಂದು ಊರೆಲ್ಲ ಸುತ್ತಿದವು. ಅವು ಕೂತಲ್ಲೆಲ್ಲ ಬೀಜ ಬಿತ್ತು. ಗೋಡೆಯ ಬಿರುಕಿನಲ್ಲಿ, ಚರಂಡಿಯ ಅಂಚಿನಲ್ಲಿ ಸಸಿಗಳು ಎದ್ದವು, ಮರಗಳಾದವು. ಒಂದೊಂದು ಮರಕ್ಕೆ ಒಂದೊಂದು ಹಕ್ಕಿ ಹೋಗಿ ಕೂತು ಕೆಲಸ ಶುರು ಮಾಡಿತು.

ಪಟ್ಟಣ ಈಗ ಬಹಳ ದೊಡ್ಡದಾಗಿದೆ. ಸುಡುವ ಮಧ್ಯಾಹ್ನ ನೀನು ಬಸ್ಸಿಗೆ ಕಾಯುತ್ತ ನಿಂತಾಗ, ಇಷ್ಟೆಲ್ಲ ಹಾರನ್‌ಗಳ ನಡುವೆ ರಸ್ತೆಯಂಚಿನ ಮರದೊಳಗಿಂದ ಟಂಕ್ ಟಂಕ್ ಎಂದು ಕೇಳಿಸುತ್ತದಲ್ಲ, ತಲೆಯೆತ್ತಿ ಹುಡುಕಿದರೆ ಬರೀ ಎಲೆಯೇ ಕಾಣುತ್ತದಲ್ಲ, ಅದು ಹಣೆಗೆ ಕುಂಕುಮ ಇಟ್ಟ ಆ ಪುಟ್ಟ ಕಂಚುಗಾರ, ಎಡಕ್ಕೂ ಬಲಕ್ಕೂ ತಲೆ ತಿರುಗಿಸುತ್ತ, ತನ್ನ ಸುತ್ತು ಇನ್ನೂ ಮುಗಿದಿಲ್ಲವೆಂದು ನಮಗೆಲ್ಲ ತಿಳಿಸುತ್ತಿರುವುದು.