ಬಿಲ್ಲಪ್ಪ ನಾಯಕ ಸೂರ್ಯವಂಶ ಸೇರಿದ್ದು

ಕ್ರಿ.ಶ. ೧೬೫೧, ಚೈತ್ರ ಬಹುಳ ತದಿಗೆ. ಮೋಡವಿಲ್ಲ, ಗಾಳಿಯಿಲ್ಲ, ಕಲ್ಲು ಕಾಯುವ ಬಿಸಿಲು.

ಗಂಟೆಕಲ್ಲಿನ ಪಾಳೆಯಗಾರ ಬಿಲ್ಲಪ್ಪ ನಾಯಕ ಹಿಂದಿನ ದಿನವಷ್ಟೇ ಶ್ರೀರಂಗಪಟ್ಟಣದಿಂದ ಬಂದಿದ್ದ. ಅಲ್ಲಿ ಮೈಸೂರು ಒಡೆಯರ ದರಬಾರಿನಲ್ಲಿ ಹೊಗಳುಭಟರು ಒಡೆಯರನ್ನು ‘ಚಂದ್ರವಂಶದ ದೊರೆ’ ಎಂದು ಕೂಗಿದ್ದರು. ಅದನ್ನು ಕೇಳಿದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಬೆಳಿಗ್ಗೆಯೇ ವಂಶಾವಳಿ ಬರೆಯುವ ನರಹರಿ ಭಟ್ಟರಿಗೆ ಕರೆ ಹೋಯಿತು. ಅವರು ಬಂದಾಗ ಮಧ್ಯಾಹ್ನ ಸಮೀಪಿಸಿತ್ತು.

“ಭಟ್ಟರೇ, ನಮ್ಮ ವಂಶದ ಮೂಲ ಯಾರು?”

“ಉಪ್ಪಿನ ಕೆಂಚಪ್ಪ, ಬುದ್ಧಿ. ಏಳು ತಲೆಯ ಹಿಂದೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದರು. ಈ ಕೋಟೆ ಅವರೇ ಕಟ್ಟಿಸಿದ್ದು.”

“ಉಪ್ಪೂ ಬೇಡ, ಎತ್ತೂ ಬೇಡ! ಒಡೆಯರದು ಚಂದ್ರವಂಶವಾದರೆ ನಮ್ಮದು ಸೂರ್ಯವಂಶ. ಇವತ್ತೇ ಬರೆಯಿರಿ.”

“ನನ್ನ ಅಜ್ಜ ಬರೆದ ಓಲೆಯಲ್ಲಿ ಸೂರ್ಯ ಇಲ್ಲವಲ್ಲ, ಬುದ್ಧಿ...”

“ಬರೆಯದಿದ್ದರೆ ನಿಮ್ಮ ಉಂಬಳಿಯ ಹೊಲ ಕೋಟೆಗೆ ವಾಪಸ್ಸು!”

ಭಟ್ಟರ ಮುಖ ಬಿಳುಚಿತು. ಆ ಹೊಲ ಹೋದರೆ ಮನೆಯಲ್ಲಿ ಎಂಟು ಮಂದಿಗೆ ಗಂಜಿಯಿಲ್ಲ. ಸುಳ್ಳು ಬರೆದರೆ ಅಜ್ಜನ ಓಲೆಗೆ ದ್ರೋಹ.

ನಾಯಕನ ಪಕ್ಕದಲ್ಲಿ ವೀಳ್ಯದ ಸಂಚಿ ಹಿಡಿದು ನಿಂತಿದ್ದವಳು ಸಂಕವ್ವ. ನಾಯಕ ಕೂಸಾಗಿದ್ದಾಗ ಅವನನ್ನು ಎತ್ತಿ ಆಡಿಸಿದವಳು. ಹಾಗಾಗಿ ಅವಳ ಬಾಯಿಗೆ ಯಾರ ತಡೆಯೂ ಇರಲಿಲ್ಲ.

“ಬರೆಯುವುದು ಇದ್ದೇ ಇದೆ, ಬುದ್ಧಿ. ಮೊದಲು ಆ ಸೂರ್ಯಜ್ಜನಿಗೆ ಅಡ್ಡಬಿದ್ದು ಅಪ್ಪಣೆ ಕೇಳಬೇಡವೇ? ಇಷ್ಟು ದಿನ ಆ ಕಡೆ ತಿರುಗಿಯೂ ನೋಡಿಲ್ಲ.”

“ಹೌದಲ್ಲ! ನಡೆಯಿರಿ.”

ನಾಯಕ ಕೋಟೆಯ ಅಂಗಳಕ್ಕೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಆಳು ಓಡಿಬಂದು ಕೊಡೆ ಬಿಚ್ಚಿದ.

“ಮುಚ್ಚೋ!” ಸಂಕವ್ವ ಗದರಿದಳು. “ಅಜ್ಜ ಮೊಮ್ಮಗನ ಮುಖ ನೋಡುವಾಗ ಅಡ್ಡ ಹಿಡಿಯುತ್ತೀಯಾ?”

ಕೊಡೆ ಮುಚ್ಚಿತು.

“ಪಾದರಕ್ಷೆ, ಬುದ್ಧಿ! ಹಿರಿಯರೆದುರು ಮೆಟ್ಟು ಹಾಕಿಕೊಂಡು ನಿಲ್ಲುವುದುಂಟೇ?”

ನಾಯಕ ಮೆಟ್ಟು ಬಿಟ್ಟು ಚಪ್ಪಡಿಯ ಮೇಲೆ ಕಾಲಿಟ್ಟ. ಮರುಕ್ಷಣವೇ ಒಂದು ಕಾಲು ಎತ್ತಿದ. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದ.

“ಕುಣಿಯಬೇಡಿ, ಬುದ್ಧಿ. ಅಜ್ಜ ಏನೆಂದುಕೊಂಡಾನು?”

“ಬಾಯಿ ಒಣಗಿತು, ಸಂಕವ್ವ. ವೀಳ್ಯ ಕೊಡು.”

ಸಂಕವ್ವ ಸಂಚಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. “ಹಿರಿಯರ ಮುಂದೆ ಎಲೆ ಅಡಿಕೆ ಮೆಲ್ಲುವುದೇ? ನಾನು ಕಲಿಸಿದ ಮರ್ಯಾದೆಯೆಲ್ಲ ಎಲ್ಲಿ ಹೋಯಿತು?”

“ಹಾಗಾದರೆ ಒಳಗೆ ಹೋಗುತ್ತೇನೆ.”

“ಅಪ್ಪಣೆ ಸಿಕ್ಕಿತೇ?”

ನಾಯಕ ಕಣ್ಣು ಕಿರಿದು ಮಾಡಿ ಮೇಲೆ ನೋಡಿ ಕೈ ಮುಗಿದ. “ಅಜ್ಜಾ, ಹೋಗಿ ಬರಲೇ?”

ಬಿಸಿಲು ಇನ್ನಷ್ಟು ಚುರುಗುಟ್ಟಿತು.

“ಅಜ್ಜನಿಗೆ ಮೊಮ್ಮಗನನ್ನು ಬಿಡಲು ಮನಸ್ಸಿಲ್ಲ,” ಎಂದಳು ಸಂಕವ್ವ. “ಪ್ರೀತಿ ಜಾಸ್ತಿ.”

“ಇವನು ಹೋಗುವುದು ಯಾವಾಗ?”

“ಸಂಜೆಗೆ. ನಾಳೆ ಬೆಳಿಗ್ಗೆ ಮತ್ತೆ ಬರುತ್ತಾನೆ. ಒಂದು ದಿನವೂ ತಪ್ಪಿಸುವವನಲ್ಲ.”

ನಾಯಕನ ಮೀಸೆಯಿಂದ ಬೆವರು ತೊಟ್ಟಿಕ್ಕಿತು. ಅವನು ಭಟ್ಟರ ಕಡೆ ತಿರುಗಿದ.

“ಭಟ್ಟರೇ, ಆ ಕೆಂಚಪ್ಪಜ್ಜ ಮಧ್ಯಾಹ್ನ ಏನು ಮಾಡುತ್ತಿದ್ದ?”

ಭಟ್ಟರು ಬಾಯಿ ತೆರೆಯುವ ಮೊದಲೇ ಸಂಕವ್ವ ಹೇಳಿದಳು: “ಎತ್ತುಗಳನ್ನು ಮರದ ನೆರಳಿಗೆ ಕಟ್ಟಿ, ತಾನೂ ಅಲ್ಲೇ ಮಲಗುತ್ತಿದ್ದ, ಬುದ್ಧಿ. ಎತ್ತಿಗಿದ್ದಷ್ಟು ಬುದ್ಧಿ ನಮ್ಮ ವಂಶದಲ್ಲಿ ಎಲ್ಲರಿಗೂ ಇರಲಿ ಎಂದು ಹರಸುತ್ತಿದ್ದನಂತೆ.”

ನಾಯಕ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ನಗು ತಡೆಯಲಾಗಲಿಲ್ಲ.

“ಕೆಂಚಪ್ಪಜ್ಜನೇ ಇರಲಿ! ಓಲೆಯಲ್ಲಿ ಒಂದಕ್ಷರವೂ ಬದಲಾಗಬಾರದು!” ಎಂದು ಕೂಗುತ್ತಲೇ, ಕುಪ್ಪಳಿಸಿಕೊಂಡು, ಒಳಗೆ ಓಡಿದ.

ಸಂಜೆ ರಾಣಿ ಲಿಂಗಾಜಮ್ಮ ಗಂಡನ ಅಂಗಾಲು ನೋಡಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು.

“ಭಟ್ಟರ ಹೊಲ?”

“ಭಟ್ಟರದ್ದೇ.”

“ಸಂಕವ್ವನಿಗೆ ಏನು ಕೊಟ್ಟಿರಿ?”

“ಆನೆ ಕೊಡುತ್ತೇನೆ ಎಂದೆ. ಅದಕ್ಕೆ ಹುಲ್ಲು ಹಾಕುವವರು ಯಾರು ಎಂದಳು. ಪಲ್ಲಕ್ಕಿ ಎಂದೆ. ಹೊರುವವರು ಪಾಪ ಎಂದಳು. ಒಂದು ಗಡಿಗೆ ತಣ್ಣನೆಯ ಮಜ್ಜಿಗೆ ಸಾಕು ಎಂದಳು.”

“ಅದನ್ನಾದರೂ ಕೊಟ್ಟಿರಾ?”

ನಾಯಕ ಕಾಲು ಮಡಚಿಕೊಂಡ.

“ಅರ್ಧ ಗಡಿಗೆ ಕೊಟ್ಟೆ. ಇನ್ನರ್ಧದಲ್ಲಿ ನಾನು ಕಾಲಿಟ್ಟುಕೊಂಡು ಕೂತಿದ್ದೆ.”